ಒಂದು ಎಲೆ ಜಗಿಯುವಷ್ಟು ಹೊತ್ತು

ಎಲೆ ಮುಗಿದಿತ್ತು ಅಂತ ಮಾನಮ್ಮ ತನಗೆ ತಾನೇ ಎಷ್ಟು ಸಲ ಹೇಳಿಕೊಂಡಳೋ ಲೆಕ್ಕವಿಲ್ಲ. ಮುಗಿದಿರಲಿಲ್ಲ. ಅರ್ಧ ಎಲೆ ಬಾಯಲ್ಲಿರುವಾಗಲೇ ಅಂಗಳಕ್ಕೆ ಥೂ ಅಂತ ಉಗಿದು ಗಂಡನ ಮೇಲೆ ಜಗಳಕ್ಕೆ ನಿಂತವಳು ಅವಳೇ. ಇನ್ನು ಯಾರನ್ನು ನಂಬಿಸಬೇಕು? ಆ ಸಂಜೆ ಅಂಗಳದಲ್ಲಿ ಅವರಿಬ್ಬರನ್ನು ಬಿಟ್ಟು ಒಂದು ನರಪಿಳ್ಳೆಯೂ ಇರಲಿಲ್ಲ.

ಎಲೆಗೂ ಜಗಳಕ್ಕೂ ಏನು ಸಂಬಂಧ ಅನ್ನುತ್ತೀರಾ? ಹೇಳುತ್ತೇನೆ, ತಡೆಯಿರಿ. ಅದಕ್ಕೆ ಮೊದಲು ಸುಂಕಪ್ಪನ ಚರ್ಮದ ಪಟ್ಟಿಯ ಸಂಗತಿ ಗೊತ್ತಿರಬೇಕು.

ಮಾನಮ್ಮನ ಗಂಡ ಹಡಪದ ಸುಂಕಪ್ಪ ಮಾನ್ವಿಯ ಹಳೇ ಬಜಾರಿನಲ್ಲಿ ಕ್ಷೌರದ ಅಂಗಡಿ ಇಟ್ಟವನು. ದಾಡಿಗೆ, ಕಟಿಂಗಿಗೆ ಈಗ ಅವನೂ ಎಲ್ಲರಂತೆ ಅರ್ಧ ಬ್ಲೇಡು ಸಿಕ್ಕಿಸುವ ಉಸ್ತರಾನೇ ಹಿಡಿಯುತ್ತಾನೆ. ಒಬ್ಬರಿಗೆ ಹಾಕಿದ ಬ್ಲೇಡು ಇನ್ನೊಬ್ಬರಿಗಿಲ್ಲ. ಆದರೆ ಕೂಸುಗಳ ಜಾವಳಕ್ಕೆ, ಮೊಟ್ಟಮೊದಲ ಸಲ ತಲೆ ಬೋಳಿಸುವ ಕೆಲಸಕ್ಕೆ, ಅವನು ಬ್ಲೇಡು ಮುಟ್ಟುವವನಲ್ಲ. ಅದಕ್ಕೆ ಅವನಪ್ಪನ ಕಾಲದ ಮಡಚುವ ಕತ್ತಿಯೇ ಆಗಬೇಕು. ಕುದಿಯುವ ನೀರಿನಲ್ಲಿ ಅದ್ದಬೇಕು, ಒರೆಸಬೇಕು, ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ತೀಡಬೇಕು, ಆಮೇಲೆ ತಲೆಗೆ ಹಚ್ಚಬೇಕು. "ಬ್ಲೇಡು ಹೊಸಾದು ಇದ್ದಷ್ಟು ಬಿರುಸು ಇರ್ತದ. ಕೂಸಿನ ನೆತ್ತಿ ಅಂದ್ರ ಹುಡುಗಾಟಾ ಅಲ್ಲ," ಅನ್ನುತ್ತಾನೆ. ಹಿಂದೂಗಳೂ ಮುಸಲ್ಮಾನರೂ ಕೂಸು ಹುಟ್ಟಿತೆಂದರೆ ಅವನನ್ನೇ ಕರೆಯುವುದು. ಹಿಡಿದ ಕೂಸು ಅತ್ತದ್ದೇ ಇಲ್ಲ ಅಂತ ಅವನ ಹೆಸರು.

ಆ ಪಟ್ಟಿ ಎಮ್ಮೆ ತೊಗಲಿನದು. ರಾಯಚೂರಿನಲ್ಲಿ ಟಾಂಗಾ ಓಡುತ್ತಿದ್ದ ಕಾಲದಲ್ಲಿ ಕುದುರೆ ಜೀನು ಹೊಲಿಯುತ್ತಿದ್ದ ಅಮೀರ್ ಸಾಬ್ ಆರಿಸಿ ಕತ್ತರಿಸಿ ಕೊಟ್ಟದ್ದು. ಮಾನಮ್ಮ ಸೊಸೆಯಾಗಿ ಬಂದ ಹೊಸತರಲ್ಲಿ ಅತ್ತೆ ಅದನ್ನು ನೀರಲ್ಲಿ ನೆನೆಹಾಕಿ, ಹಲಗೆಗೆ ಬಿಗಿದು, ಗಾಜಿನ ಬಾಟಲಿ ಉರುಳಿಸಿ ಉರುಳಿಸಿ ಉಜ್ಜಿ, ನೆರಳಲ್ಲಿ ಒಣಗಿಸಿ, ಔಡಲೆಣ್ಣೆ ಕುಡಿಸಿದ್ದಳು. ಆ ಮನೆಯಲ್ಲಿ ಕತ್ತಿ ಗಂಡಸಿನದು, ಪಟ್ಟಿ ಹೆಂಗಸಿನದು. ಪಟ್ಟಿಯ ಒಂದು ಮೈಗೆ ಬರೀ ಎಣ್ಣೆ. ಇನ್ನೊಂದು ಮೈಗೆ ಭತ್ತದ ಹೊಟ್ಟಿನ ಬೂದಿಯನ್ನು ಎಣ್ಣೆಯಲ್ಲಿ ಕಲಸಿ ಅಂಗೈಯಿಂದ ತಿಕ್ಕಿ ತುಂಬಬೇಕು. ಕತ್ತಿಗೆ ಹೊಳಪು, ಹದ ಎರಡೂ ಬರುವುದು ಆ ಬೂದಿಯಿಂದಲೇ.

ಬೂದಿ ಅಂದರೆ ಒಲೆಯಿಂದ ಬಾಚಿ ಸವರುವುದಲ್ಲ. ಬೋಗುಣಿಯ ನೀರಿಗೆ ಬೂದಿ ಹಾಕಿ ಕಲಕಬೇಕು. ಉರುಟು ಹರಳು, ಅತ್ತೆಯ ಬಾಯಲ್ಲಿ ಹಳ್ಳು, ತಳಕ್ಕೆ ಇಳಿಯುವ ತನಕ ಕಾಯಬೇಕು. ಆಮೇಲೆ ಮೇಲಿನ ಬಗ್ಗಡ ನೀರನ್ನಷ್ಟೇ ಇನ್ನೊಂದು ಬೋಗುಣಿಗೆ ಬಗ್ಗಿಸಬೇಕು. ಆ ನೀರು ನಿಂತು ತಿಳಿಯಾದಾಗ ಅಡಿಯಲ್ಲಿ ಕಾಡಿಗೆಯಷ್ಟು ನುಣುಪು ಬೂದಿ ಸಿಗುತ್ತದೆ. ಆದರೆ ಮೊದಲಿನ ಬೋಗುಣಿಯ ಮುಂದೆ ಎಷ್ಟು ಹೊತ್ತು ಕಾಯುವುದು? ಅತ್ತೆ ಗಡಿಯಾರ ನೋಡಿದವಳಲ್ಲ. "ಕಲಕಿದ ಮ್ಯಾಲೆ ಒಂದು ಎಲಿ ಬಾಯಾಗ ಹಾಕ್ಕೋ. ಪೂರಾ ಜಗದು ಉಗಳಿದ ಮ್ಯಾಲೆ ಬಗ್ಗಸು. ಗಡಿಬಿಡಿ ಮಾಡಿದಿ ಅಂದ್ರ ಹಳ್ಳು ಬರ್ತಾವ, ಹಳ್ಳು ಬಂದ್ರ ಕತ್ತಿ ಹಲ್ಲು ಬೀಳ್ತದ," ಅಂತ ಕಲಿಸಿದ್ದಳು. ಮಾನಮ್ಮ ಎಲೆ ಅಡಿಕೆ ರೂಢಿ ಮಾಡಿಕೊಂಡದ್ದೇ ಈ ಬೂದಿಯ ದೆಸೆಯಿಂದ.

ಸುಂಕಪ್ಪ ಎಲ್ಲರೆದುರು ಹೇಳುವ ಮಾತೊಂದಿತ್ತು. ಯಾರಾದರೂ "ಏನು ಕೈರಿ ನಿಮ್ಮದು!" ಅಂದರೆ ಸಾಕು, "ಅರ್ಧಾ ಕೈ ನಮ್ಮಾಕಿದು," ಅನ್ನುತ್ತಿದ್ದ. ಮಾನಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು, "ಸಾಕು ಸುಮ್ನಿರ್ರಿ," ಅನ್ನುತ್ತಿದ್ದಳು. ಒಳಗೊಳಗೆ ಹಿಗ್ಗುತ್ತಿದ್ದಳು.

ಇನ್ನು ಜಗಳದ ವಿಷಯ. ಮಗಳು ಸುಮಂಗಲಾ ರಾಯಚೂರಿನಲ್ಲಿ ನೌಕರಿಯಲ್ಲಿದ್ದಾಳೆ. ಮನೆ ಮೇಲೆ ಒಂದು ಖೋಲಿ ಖಾಲಿ ಇದೆ, ಅಂಗಡಿ ಮುಚ್ಚಿ ಬಂದುಬಿಡಿ ಅಂತ ಒಂದೇ ಸಮನೆ ಕರೆಯುತ್ತಿದ್ದಳು. ಮಾನಮ್ಮನಿಗೆ ಹೋಗುವ ಆಸೆ. ಆಸೆ ಅಂದರೆ ಸಣ್ಣದಲ್ಲ, ಸುಡುವಂಥ ಆಸೆ. ಮೊಮ್ಮಗಳು ಅಲ್ಲಿದ್ದಾಳೆ, ಮಹಡಿ ಮೇಲೆ ಗಾಳಿಯಿದೆ, ಇಲ್ಲಿಯ ಹಾಗೆ ನಳಕ್ಕೆ ಕಾದು ಕೊಡ ಸಾಲಿಗಿಟ್ಟು ಜಗಳಾಡಬೇಕಿಲ್ಲ. ಆ ಸಂಜೆ ಬೂದಿ ಕಲಕಿ, ಎಲೆ ಬಾಯಿಗಿಟ್ಟುಕೊಂಡು, ಮೆಲ್ಲಗೆ ಮಾತು ತೆಗೆದಳು.

"ಸುಮಿ ಮತ್ತ ಫೋನ್ ಮಾಡಿದ್ಳು."

"ಗೊತ್ತದ. ನಾ ಬರಂಗಿಲ್ಲ. ನಿನಗ ಬೇಕಾದ್ರ ನೀ ಹೋಗು," ಅಂದ ಸುಂಕಪ್ಪ. ಕಟ್ಟೆ ಮೇಲೆ ಕೂತು ಪೇಪರು ಓದುತ್ತಿದ್ದವನು ತಲೆ ಕೂಡ ಎತ್ತಲಿಲ್ಲ.

"ನಾ ಹೋದ್ರ ಪಟ್ಟಿ ಯಾರು ನೋಡ್ಕೋತಾರ?"

"ಬೂದಿ ಕಲಸಾಕ ಏನು ದೊಡ್ಡ ಮಂದಿ ಬೇಕಾ? ಯಾರರ ಸಿಗ್ತಾರ ಬಿಡು."

ತಮಾಷೆಗೆ ಅಂದದ್ದು. ಪೇಪರಿನ ಹಿಂದೆ ನಗುತ್ತಲೂ ಇದ್ದ. ಆದರೆ ಮಾನಮ್ಮನ ಮೈಯೆಲ್ಲ ಉರಿದುಹೋಯಿತು. ಎಲೆ ಉಗಿದಳು. "ಯಾರರ ಸಿಗ್ತಾರಾ? ಹಂಗಾದ್ರ ಇಷ್ಟು ವರ್ಷ ನಾ ಇಲ್ಲಿ ಮಣ್ಣು ಹೊತ್ನೇನು?" ಅಂತ ಶುರು ಮಾಡಿದವಳು, ಬಾಯಿ ನಡೆದಂತೆ ಕೈಯೂ ನಡೆದು, ಬೋಗುಣಿ ಎತ್ತಿ ಅರೆಬರೆ ಇಳಿದ ನೀರನ್ನು ಸೊರ್ರನೆ ಬಗ್ಗಿಸಿಬಿಟ್ಟಳು. ಬಗ್ಗಿಸುವಾಗ ಗೊತ್ತಾಯಿತು. ಇನ್ನೊಮ್ಮೆ ಕಲಕಿ ಕೂರಿಸಬಹುದಿತ್ತು, ಬೇಕಾದಷ್ಟು ಹೊತ್ತಿತ್ತು. 'ಇರಲಿ ಬಿಡು, ಯಾರರ ಕಲಸಿದಂಗೇ ಆಗಲಿ,' ಅಂದುಕೊಂಡಳು. ಮರುದಿನ ಆ ಬೂದಿಯನ್ನೇ ಪಟ್ಟಿಗೆ ತಿಕ್ಕಿದಳು. ಉಳಿದದ್ದನ್ನು ಎಂದಿನಂತೆ ಕುಡಿಕೆಯಲ್ಲಿ ಎತ್ತಿಟ್ಟಳು. ಕೆಟ್ಟದಾಗಲಿ ಅಂತ ಅವಳು ಬಯಸಿರಲಿಲ್ಲ, ಅದು ಖರೆ. ಆದರೆ ಚೆನ್ನಾಗಿರಲಿ ಅಂತಲೂ ಬಯಸಲಿಲ್ಲ.

ಮಂಗಳವಾರ ನೀರಮಾನ್ವಿಯ ಯಲ್ಲಮ್ಮನ ಗುಡಿಯಲ್ಲಿ ಜಾವಳ. ದೇವದುರ್ಗದಲ್ಲಿ ಸಾಲಿ ಟೀಚರ್ ಆಗಿರುವ ಕಲ್ಯಾಣಿ ತನ್ನ ಗಂಡುಕೂಸನ್ನು ಕರೆತಂದಿದ್ದಳು. ಅವಳ ತವರು ಮಾನ್ವಿ. ಅವಳ ಜಾವಳವನ್ನೂ ಗುಡಿಯ ಮುಂದಿನ ಇದೇ ಬೇವಿನ ಮರದ ಕೆಳಗೆ ಇದೇ ಸುಂಕಪ್ಪ ಮಾಡಿದ್ದ. ಅವಳ ಅತ್ತೆ ಬಸವಂತಮ್ಮ ದೇವದುರ್ಗದಲ್ಲೇ ಯಾರನ್ನಾದರೂ ಹಿಡಿದರಾಯಿತು ಅಂದಿದ್ದರೂ ಕಲ್ಯಾಣಿ ಹಟ ಹಿಡಿದು ಬಂದಿದ್ದಳು. ಮಾನಮ್ಮ ಯಾವಾಗಿನಂತೆ ಬಿಸಿನೀರಿನ ಪಾತ್ರೆ, ಅರಿಷಿಣ ಹಿಡಿದು ಪಕ್ಕದಲ್ಲಿ ಕೂತಿದ್ದಳು.

ಮೊದಲು ಬೇರೊಂದು ಮನೆಯ ಕೂಸಿನ ತಲೆ ಸಲೀಸಾಗಿ ಮುಗಿಯಿತು. ಮಾನಮ್ಮ ಉಸಿರು ಬಿಟ್ಟಳು. ಸುಂಕಪ್ಪ ಕತ್ತಿಯನ್ನು ಕುದಿನೀರಿಗೆ ಅದ್ದಿ ತೆಗೆದು, ಟೊಂಗೆಗೆ ಕಟ್ಟಿದ ಪಟ್ಟಿಯ ಮೇಲೆ ಮತ್ತೆ ತೀಡಿದ. ಪಟಪಟ ಅಂತ ತೀಡುವ ಸಪ್ಪಳದ ನಡುವೆ ಎಲ್ಲೋ ಒಂದು ಕಡೆ ಕಿರ್ ಅಂದಂತಾಯಿತು. ಅವನ ಕಿವಿಗೆ ಬೀಳಲಿಲ್ಲ. ಕಲ್ಯಾಣಿಯ ಕೂಸನ್ನು ನಗಿಸುವುದರಲ್ಲಿದ್ದ. ಮಾನಮ್ಮನ ಕಿವಿಗೆ ಬಿತ್ತು. 'ತಡೀರಿ' ಅನ್ನಬೇಕು ಅಂತ ಬಾಯಿ ತೆರೆದಳು. ತಡೀರಿ ಅಂದರೆ ಯಾಕೆ ಅನ್ನುತ್ತಾನೆ. ಇಷ್ಟು ಮಂದಿಯ ಎದುರಿಗೆ ಯಾಕೆ ಅಂತ ಹೇಳುವುದು? ಬಾಯಿ ಮುಚ್ಚಿದಳು.

ಅರ್ಧ ತಲೆ ಆಗುವಷ್ಟರಲ್ಲಿ ಕೂಸು ಕಿಟಾರನೆ ಕಿರುಚಿತು. ಬೋಳು ನೆತ್ತಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಉದ್ದನೆ ಗೀರು, ಅದರುದ್ದಕ್ಕೂ ಕೆಂಪು ಹನಿ. ಸುಂಕಪ್ಪನ ಕೈಯಿಂದ ಕತ್ತಿ ಜಾರಿ ಕಲ್ಲಿನ ಮೇಲೆ ಠಣ್ ಅಂತ ಬಿತ್ತು.

"ಅಯ್ಯಯ್ಯ ಯವ್ವಾ, ಕೂಸಿನ ತಲಿ ಕೊಯ್ದ!" ಬಸವಂತಮ್ಮ ಕೂಸನ್ನು ಕಸಿದುಕೊಂಡಳು. "ಕೈ ನಡುಗ್ತದಂದ್ರ ಮನ್ಯಾಗ ಕುಂದರಬೇಕಪಾ! ನಮ್ಮ ಕೂಸೇ ಬೇಕಿತ್ತೇನು ನಿನಗ?"

"ಅತ್ತೀ, ಸುಮ್ನಿರ್ರಿ, ಸಣ್ಣ ಗೀರದು," ಅಂದಳು ಕಲ್ಯಾಣಿ. ಅವಳ ಕಣ್ಣಲ್ಲೂ ನೀರಿತ್ತು.

ಅರಿಷಿಣ ಒತ್ತಿದರು, ರಕ್ತ ನಿಂತಿತು. ಅರ್ಧ ಬೋಳಿಸಿದ ತಲೆಗೆ ಟೋಪಿ ಹಾಕಿ ಕೂಸನ್ನು ದವಾಖಾನೆಗೆ ಒಯ್ದರು. ಸುಂಕಪ್ಪ ಮರದ ಕೆಳಗೆ ಕೂತವನು ಕೂತೇ ಇದ್ದ. ಬಲಗೈಯನ್ನು ಮುಖದ ಮುಂದೆ ಹಿಡಿದು ಒಂದೇ ಸಮನೆ ನೋಡುತ್ತಿದ್ದ.

"ಕೈ ಹೋತು ಬೇ," ಅಂದ ದಾರಿಯಲ್ಲಿ. ಅಷ್ಟೇ ಅಂದದ್ದು.

ಮನೆಗೆ ಬಂದವಳೇ ಮಾನಮ್ಮ ಪಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋದಳು. ಹೆಬ್ಬೆರಳಿನ ತುದಿಯಿಂದ ಮೇಲಿಂದ ಕೆಳಗೆ ಸವರಿದಳು. ಸಿಕ್ಕಿತು. ಸಾಸಿವೆಯಲ್ಲಿ ಕಾಲು ಪಾಲೂ ಇಲ್ಲ, ತೊಗಲಿನಲ್ಲಿ ಹೂತು ಕೂತಿದ್ದ ಬೂದಿಯ ಹರಳು. ಸೂಜಿಯಿಂದ ಮೀಟಿ ತೆಗೆದು ಬಚ್ಚಲಿಗೆ ಎಸೆದಳು. ಚಾಕುವಿನ ಬೆನ್ನಿನಿಂದ ಬೂದಿಯೆಲ್ಲ ಹೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಎಣ್ಣೆ ಹಚ್ಚಿ, ಏನೂ ಆಗದ ಹಾಗೆ ಮೊಳೆಗೆ ತೂಗುಹಾಕಿದಳು. ಕಳ್ಳತನ ಮಾಡಿದವರೂ ಇಷ್ಟು ಚೊಕ್ಕಾಗಿ ಗುರುತು ಅಳಿಸಲಿಕ್ಕಿಲ್ಲ. ಸುಂಕಪ್ಪ ಬಂದು ನೋಡುತ್ತಾನೆ, ಪಟ್ಟಿ ಮುಟ್ಟುತ್ತಾನೆ, 'ಏನ್ಲೇ ಇದು' ಅನ್ನುತ್ತಾನೆ ಅಂತ ಎದೆ ಹಿಡಿದು ಕಾದಳು. ಅವನು ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಕಲ್ಲಿಗೆ ಬಿದ್ದ ಕತ್ತಿಯನ್ನು ಸಾಣೆಕಲ್ಲಿನ ಮೇಲೆ ತಿದ್ದಿ, ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿ ಬೀಗ ಜಡಿದ. ಅವನಿಗೆ ಪಟ್ಟಿಯ ಮೇಲೆ ಅನುಮಾನವೇ ಬರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಮರುದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ, ಅದರ ಮರುದಿನವೂ ಇಲ್ಲ. "ಸುಮಿಗೆ ಫೋನ್ ಹಚ್ಚು. ಬರ್ತೀವಿ ಅಂತ ಹೇಳು," ಅಂದ.

ನೋಡಿ, ಬೇಡಿದ್ದು ಬಾಗಿಲಿಗೇ ಬಂದು ನಿಂತಿತು! ಮಾನಮ್ಮ ಫೋನು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಆಗ ಹೇಳಬಹುದಿತ್ತು. ಹೇಳಿದರೆ ಅವನ ಕೈ ಅವನಿಗೆ ಸಿಗುತ್ತದೆ, ಅವಳ ರಾಯಚೂರು ಹೋಗುತ್ತದೆ. ಹೇಳದಿದ್ದರೆ ಎರಡೂ ಅದಲುಬದಲು. ಇಷ್ಟು ಸರಳ ಲೆಕ್ಕ ಅವಳಿಗೂ ಬರುತ್ತಿತ್ತು. ಬೆರಳು ಮಗಳ ನಂಬರನ್ನೇ ಒತ್ತಿತು.

ಖೋಲಿ ನೋಡಿ ಬರೋಣವೆಂದು ಇಬ್ಬರೂ ಬಸ್ಸಿನಲ್ಲಿ ರಾಯಚೂರಿಗೆ ಹೋದರು. ಬಸ್ಸಿನಲ್ಲಿ ಪರಿಚಯದವರೊಬ್ಬರು, "ಯಾಕ್ರಿ ಸುಂಕಪ್ಪ, ಅಂಗಡಿ ಮುಚ್ಚೀರಂತಲ್ಲ?" ಅಂದರು. "ಕೈ ಹೋತ್ರಿ. ನಮ್ಮಾಕಿ ಪಟ್ಟಿ ಹಂಗ ಅದ, ಏನೂ ಆಗಿಲ್ಲ. ನಂದೇ ಅರ್ಧಾ ಹೋತು," ಅಂದ ಸುಂಕಪ್ಪ. ಮಾನಮ್ಮ ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಾಳಿಗೆ ಕಣ್ಣಲ್ಲಿ ನೀರು ಬಂತು ಅಂತ ಸೆರಗಿನಿಂದ ಒರೆಸಿಕೊಂಡಳು. ಗಾಳಿಯಂತೆ ಗಾಳಿ!

ಖೋಲಿ ಚೆನ್ನಾಗಿತ್ತು. ನಳ ತಿರುವಿದರೆ ನೀರು ಬಂತು. ಮೊಮ್ಮಗಳು ಬಂದು ತೊಡೆಯ ಮೇಲೆ ಕೂತಳು. ಮಾನಮ್ಮನಿಗೆ ಯಾವುದೂ ರುಚಿಸಲಿಲ್ಲ. ಸುಮಂಗಲಾ ಚಹಾ ತಂದುಕೊಟ್ಟಳು. ಸುಂಕಪ್ಪ ಕಪ್ಪು ಹಿಡಿದ. ಬಲಗೈ ಖರೇನೇ ನಡುಗಿತು. ಕಪ್ಪು ಬಸಿಗೆ ತಾಗಿ ಕಟಕಟ ಅಂದಿತು, ಚಹಾ ಅಂಗಿಯ ಮೇಲೆ ಚೆಲ್ಲಿತು. ಅವನು ಕಪ್ಪು ಕೆಳಗಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಮೊಮ್ಮಗಳು "ತಾತಾ, ಎತ್ತಿಕೋ" ಅಂದರೆ, "ಬ್ಯಾಡವ್ವಾ, ಬಿದ್ದಗಿದ್ದಿ," ಅಂದ. ಜಾವಳದ ಆ ಮಂಗಳವಾರದ ತನಕ ಅವನ ಕೈ ಗೋಡೆಗೆ ಹೊಡೆದ ಮೊಳೆಯ ಹಾಗೆ ಗಟ್ಟಿಯಿತ್ತು. ಮಾನಮ್ಮನಿಗೆ ಅದು ಗೊತ್ತಿತ್ತು. ಆ ಗಟ್ಟಿ ಕೈಯನ್ನು ನಡುಗುವ ಹಾಗೆ ಮಾಡಿದವಳು ತಾನು.

ಒಳಗೆ ಹೋದಾಗ ಸುಮಂಗಲಾ ಪಿಸುಗುಟ್ಟಿದಳು, "ಅವ್ವಾ, ಒಂದು ಲೆಕ್ಕಕ್ಕ ಒಳ್ಳೇದೇ ಆತು ನೋಡು. ಇಲ್ಲಂದ್ರ ಅಪ್ಪ ಬರ್ತಿದ್ನೇನು?"

"ಬಾಯಿ ಮುಚ್ಚು!" ಅಂದಳು ಮಾನಮ್ಮ. ಎಂಥ ದನಿಯಲ್ಲಿ ಅಂದಳೆಂದರೆ ಮಗಳು ಕಕ್ಕಾಬಿಕ್ಕಿಯಾಗಿ ನಿಂತಳು.

ಸಾಮಾನು ಕಟ್ಟಲಿಕ್ಕೆ ಮಾನ್ವಿಗೆ ಮರಳಿದರು. ಜಾವಳದ ದಿನದಿಂದ ಆಗಲೇ ಮೂರು ವಾರ ಕಳೆದಿತ್ತು. ಪಾತ್ರೆ ಪಡಗ ಚೀಲಕ್ಕೆ ತುಂಬುತ್ತಿರುವಾಗ ಬಾಗಿಲಲ್ಲಿ ಕಲ್ಯಾಣಿ ನಿಂತಿದ್ದಳು. ಕಂಕುಳಲ್ಲಿ ಉಲನ್ ಟೋಪಿಯ ಕೂಸು, ಹಿಂದೆ ಮುಖ ಊದಿಸಿಕೊಂಡ ಬಸವಂತಮ್ಮ. ಕಲ್ಯಾಣಿ ಟೋಪಿ ತೆಗೆದಳು. ಗೀರು ಮಾಗಿ ಬಿಳಿ ಎಳೆಯಾಗಿತ್ತು. ಅರ್ಧ ತಲೆಯಲ್ಲಿ ಮುಳ್ಳುಮುಳ್ಳು ಕೂದಲು, ಇನ್ನರ್ಧದಲ್ಲಿ ಹುಟ್ಟುಗೂದಲು ಹಾಗೇ ಇತ್ತು.

"ಕಾಕಾ, ಮುಗಿಸಿ ಕೊಡ್ರಿ," ಅಂದಳು. "ಸುರು ಮಾಡಿದ ಕೈನೇ ಮುಗಸಬೇಕು ಅಂತ ನಮ್ಮ ಅತ್ತಿ ಮನ್ಯಾಗ ಪದ್ಧತಿ ಅದ. ನಡುವೆ ಕೈ ಬದಲಾಗಬಾರದಂತ."

ಬಸವಂತಮ್ಮ ಗೋಡೆ ನೋಡುತ್ತಾ, "ಪದ್ಧತಿ ಬಿಡಾಕ ಬರಂಗಿಲ್ಲ ನೋಡ್ರಿ. ಏನು ಮಾಡೋದು, ಬೈದಿದ್ದು ಬೈದೆ, ಬಂದಿದ್ದು ಬಂದೆ. ನಾನೂ ಮನುಷ್ಯಾಳೇ," ಅಂದಳು. ಅವಳ ಮಟ್ಟಿಗೆ ಅದು ಕಾಲು ಹಿಡಿದಷ್ಟೇ ದೊಡ್ಡದು.

ಸುಂಕಪ್ಪ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ. "ಇಲ್ಲವ್ವಾ ಕಲ್ಯಾಣಿ. ಈ ಕೈ ಇನ್ನೊಮ್ಮೆ ಆ ಕೂಸಿನ ತಲಿ ಮ್ಯಾಲೆ ಇಡಂಗಿಲ್ಲ. ನನಗ ಹೇಳಬ್ಯಾಡ," ಅಂದ. ಎಷ್ಟು ಹೇಳಿದರೂ ಕೇಳಲಿಲ್ಲ. ಕೂಸು ಅವನ ಮೀಸೆ ಹಿಡಿಯಲು ಕೈ ಚಾಚಿತು. ಒಂದು ಹೆಜ್ಜೆ ಹಿಂದೆ ಸರಿದ.

"ಶುಕ್ರವಾರ ಮತ್ತ ಬರ್ತೀನಿ ಕಾಕಾ. ಇಲ್ಲ ಅನಬ್ಯಾಡ್ರಿ," ಅಂತ ಕಲ್ಯಾಣಿ ಟೋಪಿ ಹಾಕಿ ಹೊರಟಳು. ಆ ಅರ್ಧಂಬರ್ಧ ತಲೆ ಟೋಪಿಯೊಳಗೆ ಮರೆಯಾದದ್ದನ್ನು ನೋಡಿದ ಮೇಲೆ ಮಾನಮ್ಮನಿಂದ ತಡೆಯಲಾಗಲಿಲ್ಲ.

"ರೀ, ನಿಮ್ಮ ಕೈ ಅಲ್ಲ. ನನ್ನ ಬೂದಿ," ಅಂದಳು.

"ಏನು?"

"ಅವತ್ತು ಎಲಿ ಮುಗಿಯಾಕ ಮೊದಲೇ ನೀರು ಬಗ್ಗಿಸಿದ್ದೆ. ಸಿಟ್ಟಿನ್ಯಾಗ ಬೇಕಂತ ಹಂಗ ಬಿಟ್ಟೆ. ಪಟ್ಟಿಯಾಗ ಹಳ್ಳಿತ್ತು. ಕತ್ತಿ ಹಲ್ಲು ಬಿದ್ದಿದ್ದು ಅದಕ್ಕ."

ಸುಂಕಪ್ಪ ಅವಳನ್ನೇ ನೋಡಿದ. ಆಮೇಲೆ ನಕ್ಕ. ಆ ಮಂಗಳವಾರದಿಂದೀಚೆಗೆ ಅವನು ನಕ್ಕದ್ದು ಅದೇ ಮೊದಲು. "ಹುಚ್ಚಿ. ಕತ್ತಿ ಹಲ್ಲು ಬಿದ್ದಿದ್ದು ಕಲ್ಲಿಗೆ ಬಿದ್ದಾಗ. ನನ್ನ ಪಾಪಾನೂ ನಿನ್ನ ತಲಿ ಮ್ಯಾಲೆ ಹೊರ್ತಿ ಏನು?" ಅಂದ. "ಎಂಥಾಕಿನ್ನ ಕಟ್ಟಿಕೊಂಡೀನಿ ನೋಡು ನಾನು," ಅಂತ ಅವಳ ತಲೆ ಸವರಿದ.

ಮಾನಮ್ಮನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು. ಬೈದಿದ್ದರೆ ಬೈಸಿಕೊಳ್ಳುತ್ತಿದ್ದಳು, ಹೊಡೆದಿದ್ದರೂ ತಿನ್ನುತ್ತಿದ್ದಳು. ಮಾಡಿದ ತಪ್ಪಿಗೆ ಒಳ್ಳೆಯವಳು ಅನ್ನಿಸಿಕೊಳ್ಳುವುದು ಯಾವ ಕರ್ಮ? ಹಳ್ಳನ್ನು ತಾನೇ ಬಚ್ಚಲಿಗೆ ಎಸೆದಿದ್ದಳು, ಪಟ್ಟಿಯನ್ನು ತಾನೇ ತೊಳೆದಿದ್ದಳು. ಇನ್ನು ಯಾವುದನ್ನು ತೋರಿಸಿ ನಂಬಿಸುವುದು? ಆಗ ಕುಡಿಕೆ ನೆನಪಾಯಿತು.

"ಟ್ರಂಕ್ ತೆಗೀರಿ. ಕತ್ತಿ ಕೊಡ್ರಿ," ಅಂದಳು.

"ಯಾಕ?"

"ತೆಗೀರಿ ಅಂದೆ!"

ಆ ಸಿಟ್ಟಿಗೆ ಹೆದರಿಯೇ ತೆಗೆದ. ಮಾನಮ್ಮ ಪಟ್ಟಿಯನ್ನು ಕಿಟಕಿಯ ಸರಳಿಗೆ ಕಟ್ಟಿದಳು. ತಾನೇ ಹೆರೆದು ತೊಳೆದಿಟ್ಟ, ಎಣ್ಣೆಯಷ್ಟೇ ಕುಡಿದ ಪಟ್ಟಿ. "ತೀಡ್ರಿ," ಅಂದಳು. ರವಿಕೆಯ ತೋಳು ಮೇಲೆ ಸರಿಸಿ, ಮುಂಗೈಯನ್ನು ನೀರಿನಿಂದ ಒದ್ದೆ ಮಾಡಿ ಅವನ ಮುಂದೆ ಚಾಚಿದಳು. "ಇಲ್ಲಿ ಹಾಕ್ರಿ."

"ಬ್ಯಾಡ ಮಾನೀ. ಕೊಯ್ತದ. ಕೈ ನೋಡು ಹೆಂಗ ನಡುಗಾಕತ್ತದ."

"ನಡುಗಲಿ. ನಡುಗೋ ಕೈನೇ ಬೇಕು ನನಗ."

ಸುಂಕಪ್ಪ ಉಸಿರು ಬಿಗಿಹಿಡಿದು ಕತ್ತಿ ಎಳೆದ. ಕೈ ನಡುಗುತ್ತಿತ್ತು. ಆದರೂ ಕತ್ತಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಮುಂಗೈಯ ಸಣ್ಣ ರೋಮ ನೀರಿನ ಜೊತೆ ಬಂತು, ಚರ್ಮ ಹಾಗೇ ಉಳಿಯಿತು. ಇನ್ನೊಮ್ಮೆ ಎಳೆಸಿದಳು. ಏನೂ ಆಗಲಿಲ್ಲ. ಅವನು ಮಾತಾಡಲು ಬಾಯಿ ತೆರೆದ. "ತಡೀರಿ" ಅಂದು ಕುಡಿಕೆ ತಂದು, ಅದರಲ್ಲಿ ಉಳಿದಿದ್ದ ಆ ಸಂಜೆಯ ಬೂದಿಯನ್ನು ಪಟ್ಟಿಗೆ ಗಸಗಸ ತಿಕ್ಕಿದಳು. "ಈಗ ತೀಡ್ರಿ."

ತೀಡಿದ. ತೀಡುತ್ತಾ ತೀಡುತ್ತಾ ಕಿರ್ ಅಂದಿತು. ಈ ಸಲ ಅವನ ಕಿವಿಗೂ ಬಿತ್ತು. ಕೈ ನಿಂತಿತು.

"ನಿಲ್ಲಿಸಬ್ಯಾಡ್ರಿ. ಹಾಕ್ರಿ."

ಅವನು ಒಲ್ಲೆನೆಂದು ತಲೆಯಾಡಿಸಿದ. ಮಾನಮ್ಮ ಅವನ ಮಣಿಕಟ್ಟು ಹಿಡಿದು ತನ್ನ ತೋಳಿನ ಮೇಲೆ ತಾನೇ ಎಳೆಸಿದಳು. ಸಣ್ಣ ಉರಿ ಹತ್ತಿತು. ಮುಂಗೈಯ ಮೇಲೆ ಕೂದಲೆಳೆಯಂಥ ಉದ್ದ ಗೀರು, ಅದರುದ್ದಕ್ಕೂ ಕೆಂಪು ಹನಿ.

ಸುಂಕಪ್ಪ ಬಾಗಿ ನೋಡಿದ. ಬಹಳ ಹೊತ್ತು ನೋಡಿದ. ಕೈ ಜಾರಿ ಕೊಯ್ದರೆ ಗಾಯ ಕತ್ತಿಯ ಅಲಗಿನಷ್ಟಕ್ಕೆ ಅಡ್ಡ ಬೀಳುತ್ತದೆ. ಅಲಗಿಗೆ ಹಲ್ಲು ಬಿದ್ದಿದ್ದರೆ ಕತ್ತಿ ಹೋದ ದಾರಿಗುಂಟ ಉದ್ದಕ್ಕೆ ಗೀರುತ್ತದೆ. ಇದು ಅವನಪ್ಪ ಹೇಳಿಕೊಟ್ಟ ಮೊದಲ ಪಾಠ. ಕೂಸಿನ ನೆತ್ತಿಯ ಮೇಲಿದ್ದದ್ದು ಉದ್ದ ಗೀರು. ಬಸವಂತಮ್ಮನ ಬಾಯಿಗೆ ಬೆದರಿ ಅವನು ತನ್ನ ಕೈ ನೋಡಿಕೊಂಡನೇ ಹೊರತು ಗಾಯ ನೋಡಿರಲಿಲ್ಲ.

ಕತ್ತಿ ಮಡಚಿದ. ಪಟಿಕದ ತುಂಡು ತಂದು ನೀರಿಗದ್ದಿ ಅವಳ ಗೀರಿನ ಮೇಲೆ ಒತ್ತಿದ, ಅಂಗಡಿಗೆ ಬಂದ ಯಾರೋ ಗಿರಾಕಿಗೆ ಒತ್ತಿದ ಹಾಗೆ.

"ನಿನಗ ಗೊತ್ತಿತ್ತಾ?" ಅಂದ.

"ಗೊತ್ತಿತ್ತು."

"ಅವತ್ತ?"

"ಹ್ಞೂ. ಅವತ್ತ ಮನಿಗೆ ಬಂದು ಹಳ್ಳು ತೆಗೆದು ಒಗದೆ."

"ರಾಯಚೂರಿಗೆ ಹೋಗೂ ಮುಂದ?"

"ಗೊತ್ತಿತ್ತು."

"ನಾ ಚಾ ಚೆಲ್ಲಿಕೊಂಡಾಗ?"

ಮಾನಮ್ಮ ಹೌದೆಂದು ತಲೆಯಾಡಿಸಿದಳು. ಕಣ್ಣೀರು ಮೂಗಿನ ತುದಿಯಿಂದ ಇಳಿದು ಪಟಿಕದ ಮೇಲೆ ಬಿತ್ತು. ತಪ್ಪಾಯಿತು ಅಂದಳು. ತನಗೇ ಕೇಳಿಸದಷ್ಟು ಸಣ್ಣಗೆ ಅಂದಳು.

ಸುಂಕಪ್ಪ ತನ್ನ ಬಲಗೈಯನ್ನು ಎತ್ತಿ ಮುಖದ ಮುಂದೆ ಹಿಡಿದ. ನಡುಕ ಇನ್ನೂ ಇತ್ತು, ಆದರೆ ಇಳಿಯುತ್ತಿತ್ತು. ಕಿಟಕಿಯಿಂದ ಪಟ್ಟಿ ಬಿಚ್ಚಿದ, ಸುತ್ತಿ ತನ್ನ ಕಂಕುಳಲ್ಲಿಟ್ಟುಕೊಂಡ. ಆ ಪಟ್ಟಿಯನ್ನು ಅಲ್ಲಿಯ ತನಕ ಅವನು ಸುತ್ತಿದ್ದೇ ಇಲ್ಲ. ಬಿಚ್ಚಿ ಅವಳ ಕೈಗೆ ಕೊಡುತ್ತಿದ್ದ, ಅವಳು ಸುತ್ತುತ್ತಿದ್ದಳು.

"ಇನ್ಮ್ಯಾಲೆ ಬೂದಿ 'ಯಾರರ' ಯಾಕ, ನಾನ ಕಲಸ್ಕೋತೀನಿ," ಅಂದು ಅಂಗಡಿಯ ಕೀಲಿ ತೆಗೆದುಕೊಂಡು ಹೊರಗೆ ಹೋದ.

ಚೀಲದ ಪಾತ್ರೆಗಳನ್ನು ಮಾನಮ್ಮ ಒಂದೊಂದೇ ತೆಗೆದು ಮತ್ತೆ ಹಲಗೆಗೆ ಜೋಡಿಸಿದಳು. ಸುಮಂಗಲಾಗೆ ಫೋನ್ ಮಾಡಿ ಬರುವುದಿಲ್ಲವೆಂದಳು. ಯಾಕೆಂದು ಮಗಳು ಕೇಳಿದಾಗ, "ಅಪ್ಪನ ಕೈಗೆ ಏನೂ ಆಗಿಲ್ಲವ್ವಾ. ತಪ್ಪು ನಂದು," ಅಂತ ಇದ್ದದ್ದನ್ನೆಲ್ಲ ಹೇಳಿದಳು. ಮನೆಯಲ್ಲಿ ಮಾತು ಊಟಕ್ಕೆ ಬಾ, ನೀರು ಕೊಡು ಅನ್ನುವಷ್ಟಕ್ಕೆ ನಿಂತುಹೋಯಿತು. ಅಂಗಡಿ ತೆರೆಯಿತು. ಯಾರೋ "ಮತ್ತ ಕೈ ಬಂತಲ್ರಿ ಸುಂಕಪ್ಪ!" ಅಂದದ್ದು ಅವಳ ಕಿವಿಗೂ ಬಿತ್ತು. ಮುಂದಿನ ಮಾತಿಗೆ ಕಾದಳು. "ಹ್ಞೂ ಬಂತು," ಅಂದ ಸುಂಕಪ್ಪ. ಅರ್ಧ ಕೈಯ ಸುದ್ದಿ ಎತ್ತಲಿಲ್ಲ.

ಗುರುವಾರ ಸಂಜೆ ಅವನು ಅಂಗಳದಲ್ಲಿ ಎರಡು ಬೋಗುಣಿ ಇಟ್ಟುಕೊಂಡು ಕೂತ. ಮರುದಿನ ಕಲ್ಯಾಣಿ ಬರುವವಳಿದ್ದಳು. ಪಟ್ಟಿಯನ್ನು ತಾನೇ ಹೆರೆದು ಒರೆಸಿ ಆರಿಸಿದ್ದ. ಅದೇನೋ ಸರಿಯಾಗಿಯೇ ಮಾಡಿದ್ದ. ಬೂದಿ ನೀರಿಗೆ ಹಾಕಿ ಕಲಕಿದ. ಒಂದು ಗಳಿಗೆ ನೋಡಿದ, ಬಗ್ಗಿಸಿದ. ಎರಡನೇ ಬೋಗುಣಿಗೆ ಬೆರಳು ಹಾಕಿ ಉಜ್ಜಿ ನೋಡಿದ. ಹಳ್ಳು ಸಿಕ್ಕಿರಬೇಕು, ಮುಖ ಗಂಟಿಕ್ಕಿ ತಿರುಗಿ ಸುರಿದುಕೊಂಡ. ಮತ್ತೆ ಕಲಕಿದ, ಮತ್ತೆ ಗಡಿಬಿಡಿ ಮಾಡಿದ, ಮತ್ತೆ ಸುರಿದ. ಇಡೀ ಆಯುಷ್ಯ ಆ ಕೆಲಸದ ಪಕ್ಕದಲ್ಲೇ ಪೇಪರು ಓದಿಕೊಂಡು ಕೂತವನಿಗೆ ಎಷ್ಟು ಹೊತ್ತು ಕಾಯಬೇಕೆಂಬುದು ಗೊತ್ತಿರಲಿಲ್ಲ. ಕೇಳುವವನೂ ಅಲ್ಲ.

ಹೊಸ್ತಿಲಲ್ಲಿ ಕೂತಿದ್ದ ಮಾನಮ್ಮನಿಗೆ ಹೇಳಬೇಕೆಂದು ನಾಲಿಗೆಯ ತುದಿಗೆ ಬಂತು. ಹೇಳುವ ಮುಖ ಇರಲಿಲ್ಲ. ಗುಡಿಯಲ್ಲಿ 'ತಡೀರಿ' ಅನ್ನಬೇಕಾದಾಗ ಅನ್ನದ ಬಾಯಿ ಇದು. ಆ ಕೂಸಿನ ತಲೆ ಕಣ್ಣ ಮುಂದೆ ಬಂತು. ಇವನು ಮತ್ತೊಮ್ಮೆ ಕಲಕುವುದನ್ನು ನೋಡಿ, ಎಲೆಯ ಡಬ್ಬಿ ಎಳೆದುಕೊಂಡಳು. ಒಂದು ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಚಿ, ಅವನಿಗೆ ಕಾಣುವ ಹಾಗೆ ಬಾಯಿಗೆ ಹಾಕಿಕೊಂಡಳು.

ಸುಂಕಪ್ಪನ ಕೈ ಬೋಗುಣಿಯ ಅಂಚಿಗೆ ಹೋಗಿತ್ತು. ಅಲ್ಲೇ ನಿಂತಿತು. ಅವನು ಅವಳ ಕಣ್ಣು ನೋಡಲಿಲ್ಲ, ದವಡೆ ನೋಡಿದ. ಅವಳು ಜಗಿದಳು. ಅಂಚು ಹಿಡಿದ ಆ ಕೈಯಲ್ಲಿ ನಡುಕವಿರಲಿಲ್ಲ. ಬೀದಿಯಲ್ಲಿ ಯಾರೋ ಬೈಕು ಶುರು ಮಾಡಿ ಹೋದರು, ಪಕ್ಕದ ಮನೆಯವರು ದನ ಕಟ್ಟಿದರು. ಅವಳು ನಾರು ನಾರನ್ನೂ ಬಿಡದೆ ಜಗಿದಳು, ಅವನು ಕಾದ.

ರಸವೆಲ್ಲ ಮುಗಿದು ಬಾಯಲ್ಲಿ ಬರೀ ಹಿಪ್ಪೆ ಉಳಿದ ಮೇಲೆ ಮಾನಮ್ಮ ಎದ್ದು ಗೋಡೆಯ ಮೂಲೆಗೆ ಹೋಗಿ ಉಗಿದಳು. ತಿರುಗಿ ನೋಡಲಿಲ್ಲ. ಅವಳ ಬೆನ್ನ ಹಿಂದೆ, ಒಂದು ಬೋಗುಣಿಯಿಂದ ಇನ್ನೊಂದಕ್ಕೆ ನೀರು ಸಣ್ಣಗೆ ಇಳಿಯುವ ಸಪ್ಪಳ ಕೇಳಿಸಿತು.